ಔಷಧದೊಡನೆ ಅಭಯ

ಔಷಧದಾನವನ್ನೂ ಅಭಯದಾನವನ್ನೂ ಹಿರಿಯರು ಬೇರೆ ಬೇರೆಯಾಗಿ ಎಣಿಸಿದ್ದಾರೆ. ಆದರೆ ಎರಡನೆಯದಿಲ್ಲದೆ ಮೊದಲನೆಯದು ಪೂರ್ಣವಾಗಿ ಫಲಿಸದ ಸಂದರ್ಭಗಳೂ ಉಂಟು.

ಸೋಮವಾರಪೇಟೆ ಕಡೆಯ ಕಾಳುಮೆಣಸಿನ ವರ್ತಕರೊಬ್ಬರಲ್ಲಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತನೊಬ್ಬನು 2014ರಿಂದ ಎಚ್‌.ಐ.ವಿ. ಸೋಂಕಿಗೆ ಚಿಕಿತ್ಸೆ ಪಡೆಯುತ್ತಿದ್ದನು. ಭಾರತ ಸರ್ಕಾರವು 2004ರ ಏಪ್ರಿಲ್ 1ರಿಂದ ಈ ಔಷಧಗಳನ್ನು ಉಚಿತವಾಗಿ ಕೊಡಲಾರಂಭಿಸಿದ್ದರಿಂದ ಅವನಿಗೆ ಹಣದ ಚಿಂತೆಯಿರಲಿಲ್ಲ. ಮೂರು ಔಷಧಗಳು ಕೂಡಿದ ಒಂದೇ ಮಾತ್ರೆಯನ್ನು ರಾತ್ರಿ ಮಲಗುವಾಗ ನುಂಗಬೇಕಿತ್ತು. ಅದರಲ್ಲಿದ್ದ ಎಫಾವಿರೆಂಜ್‌ನಿಂದ ಮೊದಲ ವಾರಗಳಲ್ಲಿ ತಲೆಸುತ್ತು, ವಿಚಿತ್ರ ಕನಸುಗಳು. ಬೆಳಿಗ್ಗೆ ಕೂಡುವ ಲೆಕ್ಕವೂ ತಪ್ಪುತ್ತಿತ್ತು. "ಕುಡಿದು ಬಂದೆಯಾ?" ಎಂದು ವರ್ತಕರು ಗದರಿದಾಗಲೂ ಅವನು ನಿಜ ಹೇಳಲಿಲ್ಲ. ಇಂಥ ರೋಗಿಗಳನ್ನು ಅಂಗಡಿಯ ಮೆಟ್ಟಿಲು ಹತ್ತಿಸಬಾರದೆಂದು ಅವರು ಹಿಂದೊಮ್ಮೆ ಗಿರಾಕಿಯೊಡನೆ ಆಡಿದ ಮಾತು ಅವನ ಕಿವಿಯಲ್ಲಿ ಉಳಿದಿತ್ತು. ಮಾತ್ರೆಗಳನ್ನು ಬೇರೆ ಡಬ್ಬಿಯಲ್ಲಿ ತುಂಬಿಟ್ಟು, ಮಡಿಕೇರಿಯ ಆಸ್ಪತ್ರೆಗೆ ಹೋಗಲು ಪ್ರತಿ ಸಲವೂ ಹೊಸ ನೆಪ ಹೇಳುತ್ತಿದ್ದನು.

2018ರ ಆಗಸ್ಟ್ ತಿಂಗಳ ಮಳೆಗೆ ಗುಡ್ಡಗಳು ಜರಿದು ಹಟ್ಟಿಹೊಳೆ, ಮಕ್ಕಂದೂರಿನ ಮಾರ್ಗ ಕಡಿದುಹೋಯಿತು. ಡಬ್ಬಿಯಲ್ಲಿ ಉಳಿದಿದ್ದವು ಮೂರೇ ಮಾತ್ರೆಗಳು. ಮಾತ್ರೆ ಮೇಲಿಂದ ಮೇಲೆ ತಪ್ಪಿದರೆ ವೈರಾಣು ಔಷಧಕ್ಕೆ ಜಗ್ಗದಂತಾಗುವ ಅಪಾಯವಿದೆ. ಅವನು ಆ ಡಬ್ಬಿಯನ್ನು ವರ್ತಕರ ಮುಂದಿಟ್ಟು, "ಸಾಹುಕಾರರೇ, ಇಷ್ಟು ದಿನ ಹೇಳಿದ ನೆಪಗಳೆಲ್ಲ ಇದಕ್ಕಾಗಿ" ಎಂದನು.

ವರ್ತಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನ ತಮ್ಮ ಜೀಪಿನಲ್ಲಿ ಸುತ್ತುದಾರಿ ಹಿಡಿದು ಅವನನ್ನು ಕರೆದೊಯ್ದರು. "ನಾಲ್ಕು ವರ್ಷ ಏಕೆ ಹೇಳಲಿಲ್ಲ?" ಎಂದು ದಾರಿಯಲ್ಲಿ ಕೇಳಿದರು. ಅವನು ಆ ಹಳೆಯ ಮಾತನ್ನು ನೆನಪಿಸಿದನು. ಆಡಿದವರಿಗೆ ಅದರ ನೆನಪೇ ಇರಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್ 10ರಂದು, ಸೋಂಕಿನ ಕಾರಣಕ್ಕೆ ಉದ್ಯೋಗದಲ್ಲಿ ಭೇದ ಮಾಡುವುದನ್ನು ನಿಷೇಧಿಸುವ 2017ರ ಕಾಯಿದೆ ಜಾರಿಗೆ ಬಂದಿತು. ಮುಂದೆ ಎಫಾವಿರೆಂಜ್‌ನ ಬದಲಿಗೆ ಡೊಲುಟೆಗ್ರಾವಿರ್ ಇರುವ ಮಾತ್ರೆ ದೊರೆತು, ಅವನ ಕೆಟ್ಟ ಕನಸುಗಳು ನಿಂತವು. ನಿಯಮಿತ ಚಿಕಿತ್ಸೆಯಿಂದ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ, ದಾಂಪತ್ಯ ಸಂಬಂಧದಿಂದಲೂ ಸೋಂಕು ಹರಡುವುದಿಲ್ಲ. ಹೀಗಿರುವಾಗ ಒಂದೇ ಅಂಗಡಿಯಲ್ಲಿ ಕುಳಿತು ಲೆಕ್ಕ ಬರೆಯುವವನಿಂದ ಯಾರಿಗೆ ಏನು ಭಯ?

ಗುಮಾಸ್ತನು ಹೇಳಿದ್ದು ಸುಳ್ಳು, ನಿಜ. ಆದರೆ ಆ ಸುಳ್ಳನ್ನು ಹೇಳಿಸಿದವರ ಪಾಲು ಅದರಲ್ಲಿ ಇಲ್ಲವೇ? ಔಷಧವನ್ನು ಸರ್ಕಾರ ಕೊಟ್ಟಿತ್ತು. ಅಭಯ ಕೊಡಬೇಕಾಗಿದ್ದವರು ನಾಲ್ಕು ವರ್ಷ ತಡಮಾಡಿದರು.