ಮಾತ್ರೆ ಡಬ್ಬಿಯ ಯಜಮಾನಿಕೆ

ಡೊಂಬಿವಲಿಯ ಎರಡು ಕೋಣೆಯ ಮನೆ ಮಾರಿ ಕೋಪರಖೈರಣೆಯ ಮಗನ ಮನೆಗೆ ಬಂದಾಗ, ನಾವು ಗಂಡ-ಹೆಂಡಿರು ಪುಣ್ಯವಂತರೆಂದೇ ನೆಂಟರೆಲ್ಲ ಹೇಳಿದರು. ಸುಳ್ಳಲ್ಲ. ಸೊಸೆ ಕೂತಲ್ಲಿಗೇ ತಟ್ಟೆ ತಂದಿಡುವಳು. ಬ್ಯಾಂಕಿನ ವ್ಯವಹಾರ ಮಗನೇ ನೋಡುವನು. ತರಕಾರಿ ಬಾಗಿಲಿಗೇ ಬರುವುದು. "ಅಪ್ಪಾ, ನೀವು ಸುಮ್ಮನೆ ಕೂತಿರಿ. ಅಮ್ಮಾ, ನೀನು ಏಳಬೇಡ." ಇಷ್ಟರಲ್ಲಿ ನಮ್ಮ ದಿನ ಮುಗಿಯುತ್ತಿತ್ತು.

ಆರು ತಿಂಗಳಲ್ಲಿ ಇಬ್ಬರಿಗೂ ರಕ್ತದೊತ್ತಡ ಏರಿತು, ನಿದ್ರೆ ಹಾರಿತು. ಡಾಕ್ಟರರು ಬರೆದುಕೊಟ್ಟ ಹೊಸ ಮಾತ್ರೆಗಳನ್ನೂ ಮಗನೇ ಡಬ್ಬಿಗೆ ತುಂಬಿ ಎತ್ತರದ ಕಪಾಟಿನಲ್ಲಿಟ್ಟ. ಯಾವುದು ಯಾತಕ್ಕೆಂದು ನಮಗೆ ತಿಳಿಯದು. ಠಾಣೆಯಲ್ಲೊಂದು ಕನ್ನಡ ನಾಟಕಕ್ಕೆ ಹೊರಟರೆ, "ಲೋಕಲಿನ ನೂಕುನುಗ್ಗಲು ನಿಮಗೆ ಬೇಡ" ಎಂಬ ಅಪ್ಪಣೆ. ಡೊಂಬಿವಲಿಯ ಗಾಡಿಗಳಲ್ಲಿ ನಲವತ್ತು ವರ್ಷ ನೇತಾಡಿದವರಿಗೆ! 2004ರಿಂದ ಓಡುತ್ತಿರುವ ಠಾಣೆ-ವಾಶಿ ಗಾಡಿಯ ಸದ್ದು ಕೇಳುತ್ತ ಕೂತೆವು.

ಆಗ ಒಂದು ಹಳೆಯ ಪ್ರಯೋಗದ ಸಂಗತಿ ಓದಿದೆವು. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ್ದು. ಅಮೆರಿಕದ ಕನೆಕ್ಟಿಕಟ್ಟಿನ ವೃದ್ಧಾಶ್ರಮವೊಂದರಲ್ಲಿ ಒಂದು ಮಹಡಿಯವರಿಗೆ ತಲಾ ಒಂದು ಗಿಡ ಕೊಟ್ಟು, ನೀವೇ ಸಾಕಿಕೊಳ್ಳಿ ಎಂದರು. ಸಿನಿಮಾ ಯಾವ ರಾತ್ರಿ ನೋಡುವುದೆಂಬುದೂ ಅವರ ಇಷ್ಟ. ಗಿಡವೂ ಸಿನಿಮಾವೂ ಇನ್ನೊಂದು ಮಹಡಿಗೂ ಉಂಟು. ಆದರೆ ನೀರೆರೆಯುವವರು ದಾದಿಯರು, ದಿನ ಗೊತ್ತುಮಾಡುವವರು ಆಶ್ರಮದವರು. ಮೂರು ವಾರದಲ್ಲೇ ಮೊದಲ ಮಹಡಿಯವರು ಹೆಚ್ಚು ಲವಲವಿಕೆಯಿಂದಿದ್ದರಂತೆ. ಹದಿನೆಂಟು ತಿಂಗಳ ಮೇಲೆ ನೋಡಿದಾಗ ಅವರಲ್ಲಿ ತೀರಿಕೊಂಡವರು ನೂರಕ್ಕೆ 15, ಇನ್ನೊಂದು ಮಹಡಿಯಲ್ಲಿ 30. ಪ್ರಯೋಗಕ್ಕೊಳಗಾದ ಜನ ಕಡಿಮೆ, ಲೆಕ್ಕಕ್ಕೆ ಮುಂದೆ ತಿದ್ದುಪಡಿಯೂ ಬಂತು, ವೇದವಾಕ್ಯವೆನ್ನಲಾರೆವು. ಆದರೂ ನಾವು ಯಾವ ಮಹಡಿಯವರೆಂದು ತಿಳಿಯಲು ತಡವಾಗಲಿಲ್ಲ.

ಮಗನಿಗೆ ಓದಿ ಹೇಳಿದೆವು. ಅವನು ನೊಂದುಕೊಂಡ. "ನಿಮ್ಮನ್ನು ನಾನು ಕಟ್ಟಿಹಾಕಿದ್ದೇನೆಯೆ?" ಎಂದ. ಎರಡು ದಿನ ಮನೆಯಲ್ಲಿ ಮಾತಿಲ್ಲ. ತಪ್ಪು ಅವನೊಬ್ಬನದೇ ಅಲ್ಲ. ಎಲ್ಲಕ್ಕೂ "ಆಗಲಪ್ಪಾ" ಎಂದವರು ನಾವೇ ತಾನೆ?

ಮೂರನೆಯ ದಿನ ಡಬ್ಬಿ ತಾನಾಗಿ ಕೆಳಗಿಳಿದು ಬಂತು. ಯಾವ ಮಾತ್ರೆ ಯಾತಕ್ಕೆಂದು ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದೆವು. ಸಂಜೆ ಮಾರ್ಕೆಟ್ಟಿಗೆ ಹೋಗಿ ಹೀರೇಕಾಯಿ ತಂದೆವು. ಒಂದು ಕಹಿ ಬಂತು, ಸೊಸೆ ನಕ್ಕಳು.

ಒತ್ತಡ ಇಳಿಯಿತೆ ಎಂದು ಕೇಳುವಿರಿ. ಮಾತ್ರೆ ಈಗಲೂ ನುಂಗುತ್ತೇವೆ. ನಿದ್ರೆ ಮಾತ್ರ ಮರಳಿದೆ. ಬರುವ ಶನಿವಾರ ಠಾಣೆಯಲ್ಲಿ ಮತ್ತೊಂದು ನಾಟಕವಿದೆ. ಇಳಿದ ಕೂಡಲೆ ಫೋನ್ ಮಾಡಬೇಕೆಂದು ಮಗನ ಷರತ್ತು. ಯೋಚಿಸಿ ಹೇಳುತ್ತೇವೆ ಎಂದಿದ್ದೇವೆ.