ಕೊಯ್ನಾ ಕಟ್ಟೆಯೂ ಶಾಲೆಯ ಉಷ್ಣತಾಮಾಪಕವೂ

ನಾವು ಮೂವರೂ ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತು ಕಲಿತವರು. ಹತ್ತನೆಯ ಇಯತ್ತೆಯವರೆಗೆ ಗಣಿತ, ವಿಜ್ಞಾನಗಳನ್ನೆಲ್ಲ ಕನ್ನಡದಲ್ಲಿಯೇ ಓದಿ, ಮುಂದೆ ಸಿವಿಲ್ ಇಂಜಿನಿಯರಿಂಗ್ ಕಾಲೇಜು ಸೇರಿದೆವು. ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ಹರಟೆ ಮರಾಠಿಯಲ್ಲಿ. ನಮ್ಮ ಕನ್ನಡ ಮೂವರ ಖೋಲಿಯೊಳಗೆ ಮಾತ್ರ. ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಿರೆಂದು ಗುರುಗಳು ಕೇಳಿದಾಗ, ನಮ್ಮ ಮಾನ ಹೋಗಿ ಮರಳಿ ಬಂದ ಒಂದು ಪ್ರಸಂಗವನ್ನೇ ಹೇಳೋಣವೆಂದುಕೊಂಡೆವು.

1967ರ ಡಿಸೆಂಬರ್ 11ರ ಬೆಳಗಿನ ಜಾವ ಸಾತಾರಾ ಜಿಲ್ಲೆಯ ಕೊಯ್ನಾದಲ್ಲಿ ದೊಡ್ಡ ಭೂಕಂಪವಾಯಿತು. ನೂರೈವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 103 ಮೀಟರ್ ಎತ್ತರದ ಕೊಯ್ನಾ ಅಣೆಕಟ್ಟು ಬೀಳಲಿಲ್ಲ. ಆದರೆ ತಳದಿಂದ ಸುಮಾರು 66 ಮೀಟರ್ ಮೇಲೆ, ಕಟ್ಟೆಯ ಮೈ ಒಮ್ಮೆಲೇ ಸಣ್ಣದಾಗುವ ಕುತ್ತಿಗೆಯ ಹತ್ತಿರ, ಎರಡೂ ಮುಖಗಳಲ್ಲಿ ಬಿರುಕುಗಳು ಕಾಣಿಸಿಕೊಂಡವು. ಕಟ್ಟೆಯೊಳಗಿದ್ದ ಯಂತ್ರವೊಂದು ಆ ಕಂಪನವನ್ನು ಬರೆದಿಟ್ಟುಕೊಂಡಿತ್ತು. ಆ ದಾಖಲೆಯನ್ನು ಇಂದಿಗೂ ಜಗತ್ತಿನ ಅನೇಕ ಕಡೆ ಇಂಜಿನಿಯರುಗಳು ಅಭ್ಯಾಸ ಮಾಡುತ್ತಾರೆ. ಅಬಾಕಸ್ ಎಂಬ ಹೆಸರಾಂತ ತಂತ್ರಾಂಶದ ಕೈಪಿಡಿಯಲ್ಲಿ ಕೊಯ್ನಾ ಕಟ್ಟೆಯೇ ಒಂದು ಉದಾಹರಣೆಯಾಗಿದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವೂ ಅದನ್ನೇ ಆರಿಸಿಕೊಂಡೆವು. ಕಂಪ್ಯೂಟರಿನಲ್ಲಿ ಕಟ್ಟೆಯ ಚಿತ್ರವನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಭಾಗಿಸಬೇಕು. ಹತ್ತು ಸೆಕೆಂಡುಗಳ ಕಂಪನವನ್ನು ಸೆಕೆಂಡಿನ ನೂರರಲ್ಲೊಂದು ಭಾಗದಂತೆ ಸಾವಿರ ಹೆಜ್ಜೆಗಳಾಗಿ ಕೊಡಬೇಕು. ಒಂದೊಂದು ಹೆಜ್ಜೆಗೂ ಒಂದೊಂದು ತುಂಡು ಎಷ್ಟು ಸರಿಯಿತು, ಅದರ ಮೇಲೆ ಎಷ್ಟು ಎಳೆತ ಬಿತ್ತು ಎಂಬುದನ್ನು ತಂತ್ರಾಂಶವು ಲೆಕ್ಕ ಹಾಕಿ, ಸಿನಿಮಾದ ರೀಲಿನಂತೆ ಚಿತ್ರಗಳ ಸಾಲನ್ನು ಕೊಡುತ್ತದೆ.

ನಮ್ಮ ಕೆಲಸವನ್ನು ಒಪ್ಪಿಸುವ ದಿನ ಬಂದಿತು. ತೆರೆಯ ಮೇಲೆ ಚಿತ್ರ ಮೂಡಿತು. ಕಟ್ಟೆ ಬಹುತೇಕ ನೀಲಿ, ಎಂದರೆ ಎಲ್ಲವೂ ಶಾಂತ. "ಎಳೆತವು ಕಾಂಕ್ರೀಟು ತಾಳುವ ಮಿತಿಯೊಳಗಿದೆ, ಕಟ್ಟೆಗೆ ಅಪಾಯವಿಲ್ಲ" ಎಂದು ನಾವು ಧೈರ್ಯದಿಂದ ಹೇಳಿದೆವು. ಪ್ರಾಧ್ಯಾಪಕರು ಸಿಟ್ಟಾಗಲಿಲ್ಲ. ಮರಾಠಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದರು: "ಹಾಗಾದರೆ ಆ ಕಟ್ಟೆ ಬಿರುಕು ಬಿಟ್ಟದ್ದು ಸುಳ್ಳೇ?"

ನಮಗೆ ಬಾಯಿ ಬರಲಿಲ್ಲ. ಎಂಟು ದಿನ ಅವಕಾಶ ಕೊಟ್ಟರು. ಅಷ್ಟರಲ್ಲಿ ತಪ್ಪು ತಿದ್ದದಿದ್ದರೆ ವರ್ಷವೇ ಹೋಗುತ್ತಿತ್ತು. ನಮ್ಮಲ್ಲೊಬ್ಬನ ಫೀಗಾಗಿ ಮನೆಯ ಎತ್ತುಗಳನ್ನು ಮಾರಿದ್ದರು. ಹಿಂದಿನ ಬೆಂಚಿನಿಂದ ಯಾರೋ, "ಕನ್ನಡ ಶಾಲೆಯವರು, ಇಷ್ಟೇ" ಎಂದದ್ದು ಕೇಳಿಸಿತು. ಅದಕ್ಕಿಂತ ಕೆಟ್ಟದ್ದೆಂದರೆ, ಆ ರಾತ್ರಿ ನಾವೂ ಅದನ್ನು ನಂಬಿದೆವು.

ಶನಿವಾರ ಊರಿಗೆ ಬಂದೆವು. 1967ರಲ್ಲಿ ಹದಿನೈದರ ಹುಡುಗರಾಗಿದ್ದ ಅಜ್ಜನವರಿಗೆ ಆ ನಸುಕಿನ ನೆನಪು ಇನ್ನೂ ಹಸಿಯಾಗಿತ್ತು. "ಮಾಡದಾಗಿನ ತಂಬಿಗಿ ದಡಲ್ ಅಂತ ಬಿತ್ತಪಾ. ನಡಗೂದು ನಿಂತ ಮ್ಯಾಲ ನೋಡಿದ್ರ ಮನಿ ಇದ್ದಂಗ ಇತ್ತು. ಬೆಳಕ ಹರದ ಮ್ಯಾಲ ನೋಡ್ತೀವಿ, ಬಾಗಲ ಮ್ಯಾಲಿನ ಗ್ವಾಡಿ ಬಿರಕ ಬಿಟ್ಟಿತ್ತು" ಎಂದರು.

ನಡುಗುವುದು ನಿಂತ ಮೇಲೆ! ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತಂತ್ರಾಂಶವು ತೆರೆದೊಡನೆ ತೋರಿಸಿದ್ದು ಕಟ್ಟಕಡೆಯ ಹೆಜ್ಜೆಯನ್ನು. ಹತ್ತನೆಯ ಸೆಕೆಂಡಿಗೆ ಭೂಮಿ ಬಹುಮಟ್ಟಿಗೆ ಶಾಂತವಾಗಿತ್ತು. ಕಟ್ಟೆ ಅತಿ ಹೆಚ್ಚು ನೊಂದ ಕ್ಷಣ ಹಿಂದಿನ ಸಾವಿರ ಹೆಜ್ಜೆಗಳೊಳಗೆ ಎಲ್ಲಿಯೋ ಅಡಗಿತ್ತು. ಅದನ್ನು ಹುಡುಕುವುದು ಹೇಗೆ?

ಉತ್ತರ ಶಾಲೆಯ ಪ್ರಯೋಗಶಾಲೆಯಲ್ಲಿತ್ತು. ಬೇಸಿಗೆಯಲ್ಲಿ ವಿಜ್ಞಾನದ ಗುರುಗಳು ಗರಿಷ್ಠ-ಕನಿಷ್ಠ ಉಷ್ಣತಾಮಾಪಕವನ್ನು ನಮ್ಮ ಕೈಯಲ್ಲಿ ಓದಿಸುತ್ತಿದ್ದರು. ಬಿಸಿಲೇರಿದಂತೆ ಪಾದರಸವು ಪುಟ್ಟ ಉಕ್ಕಿನ ಸೂಚಕವನ್ನು ಮೇಲಕ್ಕೆ ತಳ್ಳುತ್ತದೆ. ಸಂಜೆ ಪಾದರಸ ಹಿಂದೆ ಸರಿದರೂ ಸೂಚಕ ಅಲ್ಲಿಯೇ ನಿಲ್ಲುತ್ತದೆ. ಮರುದಿನ ಓದಿಕೊಂಡು, ಅಯಸ್ಕಾಂತದಿಂದ ಅದನ್ನು ಕೆಳಗಿಳಿಸಬೇಕು. ಸಂಜೆಯ ತಂಪನ್ನು ನೋಡಿ ಮಧ್ಯಾಹ್ನದ ಬಿಸಿಲನ್ನು ಹೇಳಬಾರದೆಂದು ಗುರುಗಳು ಎಷ್ಟು ಸಲ ಎಚ್ಚರಿಸಿದ್ದರು!

ಕಾಲೇಜಿಗೆ ಮರಳಿ ಕಟ್ಟೆಯ ಪ್ರತಿಯೊಂದು ತುಂಡಿಗೂ ಅಂಥದೊಂದು ಸೂಚಕವನ್ನು ಇಟ್ಟೆವು. ಪೈಥಾನ್ ಭಾಷೆಯಲ್ಲಿ ಬರೆದ ಆ ಸಣ್ಣ ಕಾರ್ಯಕ್ರಮದ ತಿರುಳು ಇಷ್ಟೇ: ಮೊದಲ ಹೆಜ್ಜೆಯ ಅಂಕಿಯನ್ನು ಬರೆದುಕೋ. ಮುಂದಿನ ಹೆಜ್ಜೆಯ ಅಂಕಿ ಅದಕ್ಕಿಂತ ದೊಡ್ಡದಾದರೆ ಹಳೆಯದನ್ನು ಅಳಿಸಿ ಹೊಸದನ್ನೂ ಅದರ ವೇಳೆಯನ್ನೂ ಬರೆ. ಇಲ್ಲವಾದರೆ ಮುಂದೆ ನಡೆ.

ಆದರೂ ಮೂರು ಕಡೆ ಎಡವಿದೆವು. ಮೊದಲನೆಯದಾಗಿ, ಜಾಗ ಉಳಿಸಲೆಂದು ಹತ್ತು ಹೆಜ್ಜೆಗೊಂದರಂತೆ ಮಾತ್ರ ಫಲಿತಾಂಶ ಕಾಯ್ದಿಟ್ಟಿದ್ದೆವು. ಕೊಯ್ನಾ ಕಟ್ಟೆ ಒಂದು ಸಲ ತೂಗಾಡಲು ಸುಮಾರು ಮೂರನೆಯ ಒಂದು ಸೆಕೆಂಡು ಸಾಕು. ಹಾಗಾಗಿ ತೂಗಾಟದ ತುದಿಯೇ ಎರಡು ಚಿತ್ರಗಳ ನಡುವೆ ನುಸುಳಿ ಹೋಗುತ್ತಿತ್ತು. ಎಲ್ಲ ಹೆಜ್ಜೆಗಳನ್ನೂ ಕಾಯ್ದಿಟ್ಟು ಲೆಕ್ಕವನ್ನು ಮತ್ತೆ ಓಡಿಸಿದೆವು. ಎರಡನೆಯದು ಚಿಹ್ನೆಯ ಗೊಂದಲ. ಕಾಂಕ್ರೀಟನ್ನು ಒತ್ತಿದರೆ ತಾಳುತ್ತದೆ, ಅದರ ಸುಮಾರು ಹತ್ತನೆಯ ಒಂದು ಪಾಲು ಬಲದಿಂದ ಎಳೆದರೆ ಬಿರಿಯುತ್ತದೆ. ಆದ್ದರಿಂದ ಎಳೆತದ ಗರಿಷ್ಠವನ್ನೂ ಒತ್ತಿನ ಗರಿಷ್ಠವನ್ನೂ ಬೇರೆ ಬೇರೆಯಾಗಿಯೇ ಹುಡುಕಬೇಕು.

ಮೂರನೆಯದು ಸೂಕ್ಷ್ಮವಾದದ್ದು. ಒಂದು ಬಿಂದುವಿನ ಅಂಕಿಗಳು ಮೂರು ಹೆಜ್ಜೆಗಳಲ್ಲಿ 4, 18, 6 ಎಂದೂ ಇನ್ನೊಂದರವು 9, 5, 15 ಎಂದೂ ಇಟ್ಟುಕೊಳ್ಳಿ. ಗರಿಷ್ಠಗಳು 18 ಮತ್ತು 15. ಅವನ್ನು ಕೂಡಿಸಿ 33 ಎನ್ನಬಹುದೇ? ಕೂಡದು. ಅವೆರಡೂ ಒಂದೇ ಗಳಿಗೆಯಲ್ಲಿ ಬಂದವಲ್ಲ. ಹೆಜ್ಜೆಹೆಜ್ಜೆಗೆ ಕೂಡಿಸಿದರೆ 13, 23, 21. ನಿಜವಾದ ದೊಡ್ಡ ಮೊತ್ತ 23 ಮಾತ್ರ. ಗರಿಷ್ಠಗಳ ಚಿತ್ರವು ಎಲ್ಲೆಲ್ಲಿ ಎಷ್ಟೆಷ್ಟು ನೋವಾಯಿತೆಂದು ಹೇಳುತ್ತದೆ, ಒಂದೇ ಕ್ಷಣದ ಭಾವಚಿತ್ರ ಅದಲ್ಲ. ಅದಕ್ಕೇ ಅಂಕಿಯೊಡನೆ ವೇಳೆಯನ್ನೂ ಬರೆದಿಡಬೇಕು.

ಎಂಟನೆಯ ದಿನ ಹೊಸ ಚಿತ್ರವನ್ನು ತೆರೆಯ ಮೇಲೆ ಹಾಕಿದೆವು. ಕಟ್ಟೆಯ ಕುತ್ತಿಗೆ ಕೆಂಪೇರಿತ್ತು. ನಾಲ್ಕನೆಯ ಸೆಕೆಂಡಿನ ಆಸುಪಾಸಿನಲ್ಲಿ ಅಲ್ಲಿಯ ಎಳೆತ ಕಾಂಕ್ರೀಟಿನ ಮಿತಿಯನ್ನು ದಾಟಿತ್ತು. 1967ರಲ್ಲಿ ಬಿರುಕು ಬಿಟ್ಟದ್ದೂ ಆ ಕುತ್ತಿಗೆಯ ಬಳಿಯಲ್ಲಿಯೇ. ಪ್ರಾಧ್ಯಾಪಕರು ಬಹಳ ಹೊತ್ತು ನೋಡಿ, "ಈ ಉಪಾಯ ಎಲ್ಲಿ ಕಲಿತಿರಿ?" ಎಂದು ಕೇಳಿದರು. "ಶಾಲೆಯಲ್ಲಿ, ಉಷ್ಣತಾಮಾಪಕದಿಂದ" ಎಂದೆವು. ಅವರು ನಕ್ಕರು. ಹಿಂದಿನ ಬೆಂಚಿನಿಂದ ಈ ಸಲ ಮಾತು ಬರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಕನ್ನಡದಲ್ಲಿ ಕಲಿತದ್ದು ಮುಂದೆ ಉಪಯೋಗಕ್ಕೆ ಬರುವುದೇ ಎಂದು ನೀವೂ ನಿಮ್ಮ ತಾಯಿತಂದೆಗಳೂ ಚಿಂತಿಸುತ್ತಿರಬಹುದು. ನಾವೂ ಚಿಂತಿಸಿದ್ದೆವು. ಇಂಗ್ಲಿಷಿನ ಶಬ್ದಗಳನ್ನು ಕಲಿಯಲು ನಮಗೆ ಒಂದು ವರ್ಷ ಹಿಡಿಯಿತು, ಅದು ಸುಳ್ಳಲ್ಲ. ಆದರೆ ಆ ಎಂಟು ದಿನಗಳಲ್ಲಿ ಕೈಹಿಡಿದದ್ದು ತಿಳಿದು ಕಲಿತ ಒಂದು ಪಾಠ. ಮುಂದಿನ ಸಲ ಪ್ರಯೋಗಶಾಲೆಗೆ ಹೋದಾಗ ಆ ಪುಟ್ಟ ಉಕ್ಕಿನ ಸೂಚಕವನ್ನು ಸರಿಯಾಗಿ ನೋಡಿ. ಓದಿಕೊಂಡ ಮೇಲೆ ಅಯಸ್ಕಾಂತದಿಂದ ಕೆಳಗಿಳಿಸಲು ಮರೆಯಬೇಡಿ, ಇಲ್ಲವಾದರೆ ನಾಳೆಯ ಲೆಕ್ಕ ತಪ್ಪುತ್ತದೆ.