ಬೀಸುವ ಕಲ್ಲಿನ ದನಿ

ಹುಚ್ಚುಗಳಲ್ಲಿ ಹಲವು ಬಗೆ. ಒಬ್ಬರಿಗೆ ಎತ್ತಿನ ಹುಚ್ಚು, ಒಬ್ಬರಿಗೆ ಬಯಲಾಟದ ಹುಚ್ಚು, ಮತ್ತೊಬ್ಬರಿಗೆ ಚುನಾವಣೆಯ ಹುಚ್ಚು. ನಮ್ಮದು ದನಿಯ ಹುಚ್ಚು. ಹಾಡು ಕೇಳಿಸಿದರೆ ನಮಗೆ ಸಾಲದು. ಅದು ಚೊಕ್ಕಟವಾಗಿ ಕೇಳಿಸಬೇಕು. ಈ ಹುಚ್ಚಿನ ಫಲವಾಗಿ ಕಳೆದ ದೀಪಾವಳಿಗೆ ನಮ್ಮ ಮನೆಗೆ ಎರಡು ಹೊಸ ಸ್ಪೀಕರ್ ಪೆಟ್ಟಿಗೆಗಳು ಬಂದವು.

ಹುಚ್ಚು ಹತ್ತಿದ್ದು ಇಂದು ನಿನ್ನೆಯಲ್ಲ. ನಾವು ಹುಡುಗರಾಗಿದ್ದಾಗ ನಮ್ಮೂರ ಚಹಾದಂಗಡಿಯಲ್ಲಿ ಒಂದು ಸ್ಪೀಕರನ್ನು ಮಣ್ಣಿನ ಗಡಿಗೆಯ ಬಾಯಿಗೆ ಕೂಡ್ರಿಸಿದ್ದರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ನಮ್ಮ ಜತ್ತ ತಾಲೂಕಿನ ಕನ್ನಡ ಮನೆಗಳಿಗೆ ನಿತ್ಯದ ಅತಿಥಿಯಾಗಿದ್ದ ಕಾಲವದು. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಬಂದಾಗ ನಮ್ಮ ಮನೆಯ ರೇಡಿಯೋದಲ್ಲಿ ತಬಲಾ ಬರೀ 'ಟಕ್ ಟಕ್' ಎನ್ನುತ್ತಿತ್ತು. ಅಂಗಡಿಯ ಗಡಿಗೆಯಲ್ಲಾದರೋ ಡಗ್ಗಾ 'ಘುಂ' ಎಂದು ಎದೆಗೇ ತಾಗುತ್ತಿತ್ತು. "ಅಪ್ಪಾ, ಗಡಿಗ್ಯಾಗ ಏನೈತಿ?" ಎಂದು ಕೇಳಿದೆವು. "ಏನೂ ಇಲ್ಲ. ಖಾಲಿ ಐತಿ ಅಂತನ ಹಂಗ ಕೇಳಸ್ತೈತಿ" ಎಂದರು ಅಪ್ಪ.

ಆ ಮಾತಿನ ಅರ್ಥ ಹೊಳೆದದ್ದು ಮುಂದೆ ಮಿರಜಕ್ಕೆ ಹೋದಾಗ. ನಮ್ಮ ಜಿಲ್ಲೆಯ ಈ ಊರು ತಂಬೂರಿ, ಸಿತಾರಗಳಿಗೆ ಹೆಸರಾದುದು. 2024ರಲ್ಲಿ ಅವುಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಅಲ್ಲಿ ದೊಡ್ಡ ಒಣ ಬುರುಡೆಗಳನ್ನು ಕೊರೆದು ಬರಿದು ಮಾಡಿ ತಂಬೂರಿ ಕಟ್ಟುವುದನ್ನು ನೋಡಿದೆವು. ತಂತಿಯ ದನಿ ಸಣ್ಣದು; ಬುರುಡೆಯ ಟೊಳ್ಳು ಅದನ್ನು ತುಂಬಿ ಕೊಡುತ್ತದೆ. ಗಡಿಗೆ ಮಾಡಿದ್ದೂ ಇದೇ ಕೆಲಸವನ್ನೇ.

ಸ್ಪೀಕರ್ ಪೆಟ್ಟಿಗೆಯ ಗುಟ್ಟು ಇದಕ್ಕೆ ಹತ್ತಿರದ್ದು. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು 1925ರಲ್ಲಿ ಪ್ರಕಟಿಸಿದ ಮಾದರಿಯೇ ಇಂದಿಗೂ ಬಹುಮಟ್ಟಿಗೆ ನಡೆದಿದೆ. ಅಯಸ್ಕಾಂತದ ನಡುವೆ ತಂತಿಯ ಸುರುಳಿ. ಅದಕ್ಕೆ ಅಂಟಿಸಿದ ಆಲಿಕೆಯಾಕಾರದ ಕಾಗದ. ವಿದ್ಯುತ್ತು ಹರಿದಂತೆ ಸುರುಳಿ ಹಿಂದೆ ಮುಂದೆ ಆಡುತ್ತದೆ, ಕಾಗದ ಗಾಳಿಯನ್ನು ನೂಕುತ್ತದೆ. ಕಾಗದದ ಹಿಂಬದಿಯ ದನಿ ಮುಂಬದಿಯದನ್ನು ಅಳಿಸಿಬಿಡದಂತೆ ತಡೆಯುವುದು ಪೆಟ್ಟಿಗೆ. ತಗ್ಗು ಸ್ವರಕ್ಕೆ ಅಗಲವಾದ ಕಾಗದ ಬೇಕು, ಏರು ಸ್ವರಕ್ಕೆ ಚಿಕ್ಕದು ಸಾಕು.

ನಮ್ಮಲ್ಲಿ ಹಳೆಯ ಕ್ಯಾಸೆಟ್ ಯಂತ್ರವೂ ಆಂಪ್ಲಿಫಾಯರೂ ಮೊದಲೇ ಇದ್ದವು. ಸ್ಪೀಕರುಗಳು ಮಾತ್ರ ಅಂಗೈಯಗಲದವು. ಹೊಸವನ್ನು ಕೊಳ್ಳುವ ಮಾತೆತ್ತಿದಾಗ ಮನೆಯವರು, "ಇದ್ದದ್ದು ಹಾಡಂಗಿಲ್ಲೇನ್ರಿ? ಆ ರೊಕ್ಕದಾಗ ಒಂದು ತಿಜೋರಿ ಬರ್ತಿತ್ತು" ಎಂದರು. ನ್ಯಾಯವಾದ ಮಾತೇ. ನಾವು ಸುಮ್ಮನಾದೆವು, ಆದರೆ ಆಸೆ ಸುಮ್ಮನಾಗಲಿಲ್ಲ.

ಆಸೆಗೆ ಒಂದು ಕಾರಣವಿತ್ತು. 1993ರಲ್ಲಿ ಒಂದು ನಸುಕು. ಕರೆಂಟು ಹೋಗಿ ಊರ ಗಿರಣಿ ನಿಂತಿತ್ತು. ಅವ್ವ ಮೂಲೆಯ ಬೀಸುವ ಕಲ್ಲಿಗೆ ಕುಳಿತು ಜೋಳ ಬೀಸುತ್ತ ಹಾಡತೊಡಗಿದಳು. ಮಾವ ತಂದಿದ್ದ ಸೆಲ್ಲಿನ ಟೇಪ್‌ರೆಕಾರ್ಡರನ್ನು ನಾವು ಗುಟ್ಟಾಗಿ ಅವಳ ಹಿಂದಿಟ್ಟು ಗುಂಡಿ ಒತ್ತಿದೆವು. ಅವ್ವನ ದನಿಯೆಂದು ನಮ್ಮಲ್ಲಿ ಉಳಿದದ್ದು ಅದೊಂದೇ. ಅವ್ವ ತೀರಿಕೊಂಡು ಹನ್ನೊಂದು ವರ್ಷವಾಯಿತು. ಆ ಕ್ಯಾಸೆಟ್ಟಿನಲ್ಲಿ ಅವಳ ದನಿ ಎಳೆಯಷ್ಟು ತೆಳ್ಳಗೆ ಕೇಳುತ್ತಿತ್ತು. ಕಲ್ಲಿನ ಸದ್ದು ಇಲ್ಲವೇ ಇಲ್ಲ. ಮೇಲಾಗಿ ನಡುನಡುವೆ ಸಾಲು ಅರ್ಧಕ್ಕೇ ನಿಲ್ಲುತ್ತಿತ್ತು. ಪಾಪ, ಅವ್ವ ಪದ ಮರೆತಿದ್ದಾಳೆ ಎಂದೇ ನಾವು ತಿಳಿದಿದ್ದೆವು. ಕನ್ನಡ ಕಲಿಸುವವರ ತಾಯಿಯ ಹಾಡಿನಲ್ಲಿ ತಪ್ಪು ಎಂದು, ನಾಚಿಕೆಯಿಂದ ಹೇಳುತ್ತೇವೆ, ಆ ಕ್ಯಾಸೆಟ್ಟನ್ನು ಬಂದವರಿಗೆ ಕೇಳಿಸುತ್ತಿರಲಿಲ್ಲ.

ಅಂತೂ ಎರಡು ವರ್ಷ ಕೂಡಿಟ್ಟ ಹಣದಿಂದ ಪೆಟ್ಟಿಗೆಗಳು ಬಂದವು. ಸಂಜೆ ತಂತಿ ಜೋಡಿಸಿ ಅವ್ವನ ಕ್ಯಾಸೆಟ್ಟನ್ನೇ ಮೊದಲು ಹಾಕಿದೆವು. ಕೇಳಿ ಎದೆ ಕುಸಿಯಿತು! ದನಿ ದಿಕ್ಕಿಲ್ಲದಂತೆ ಅಲೆಯುತ್ತಿತ್ತು. ತಗ್ಗು ಸ್ವರವೇ ಇಲ್ಲ. ಮನೆಯವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ಬಂದ. ನಮ್ಮ ಶಾಲೆಯಲ್ಲೇ ಒಂಬತ್ತನೆಯ ತರಗತಿ. ವ್ಯಾಕರಣದಲ್ಲಿ ನಮ್ಮಿಂದ ದಿನವೂ ಬೈಸಿಕೊಳ್ಳುವವನು. ಅವನ ಮಾವನದು ಮಂಟಪ, ಸ್ಪೀಕರ್ ಬಾಡಿಗೆಯ ಅಂಗಡಿ. ಪೆಟ್ಟಿಗೆಗಳ ಹಿಂದೆ ಬಗ್ಗಿ ನೋಡಿ, "ಸರ್, ಒಂದರಾಗ ಕೆಂಪು ತಂತಿ ಕರೇದಕ್ಕ ಹಾಕೀರಿ" ಎಂದ. ಒಂದು ಸ್ಪೀಕರಿನ ಕಾಗದ ಮುಂದೆ ಬಂದಾಗ ಮತ್ತೊಂದರದು ಹಿಂದೆ ಸರಿಯುತ್ತಿತ್ತು. ಒಂದು ನೂಕಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು ತಗ್ಗು ಸ್ವರ ನಡುವೆಯೇ ಸತ್ತುಹೋಗುತ್ತಿತ್ತು. ಸಂಧಿ ಬಿಡಿಸಲು ಬಾರದ ಹುಡುಗ ಎರಡು ನಿಮಿಷದಲ್ಲಿ ನಮ್ಮ ತಪ್ಪನ್ನು ಬಿಡಿಸಿದ.

ಮತ್ತೆ ಗುಂಡಿ ಒತ್ತಿದೆವು. ಮೊದಲು ಬಂದದ್ದು ಹಾಡಲ್ಲ, ಕಲ್ಲು. 'ಗರ್ ಗರ್' ಎಂದು ಬೀಸುವ ಕಲ್ಲು ಪಡಸಾಲೆಯಲ್ಲೇ ತಿರುಗತೊಡಗಿತು. ಅದರ ಮೇಲೆ ಅವ್ವನ ದನಿ, ಎರಡೂ ಪೆಟ್ಟಿಗೆಗಳ ನಟ್ಟನಡುವೆ, ಅವಳೇ ಅಲ್ಲಿ ಕುಳಿತಂತೆ. ಸಾಲು ಅರ್ಧಕ್ಕೆ ನಿಂತಿತು. ಕಲ್ಲು ಮೆಲ್ಲಗಾಯಿತು, ಕಾಳು ಸುರಿದ ಸಣ್ಣ ಸದ್ದು, ಕಲ್ಲು ಮತ್ತೆ ವೇಗ ಹಿಡಿಯಿತು, ಹಾಡೂ ನಿಂತಲ್ಲಿಂದಲೇ ಮುಂದುವರಿಯಿತು. ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಮನೆಯವರು, "ಅತ್ತಿಯವರು ಕಲ್ಲಿಗೆ ಜ್ವಾಳ ಹಾಕಾಕ ನಿಂದ್ರಸ್ಯಾರ ನೋಡ್ರಿ" ಎಂದರು.

ಅವ್ವ ಪದ ಮರೆತಿರಲಿಲ್ಲ. ಹಿಡಿ ಜೋಳ ಹಾಕುವಷ್ಟು ಹೊತ್ತು ಹಾಡನ್ನು ತಡೆದು ಹಿಡಿದಿದ್ದಳು. ಮೂವತ್ತು ವರ್ಷ ನಾವು ಅವಳ ಮೇಲೆ ಹೊರಿಸಿದ್ದ ತಪ್ಪು ನಮ್ಮ ಕಿವಿಯದು. ಆ ರಾತ್ರಿ ತಿಜೋರಿಯ ಮಾತು ಮನೆಯಲ್ಲಿ ಬರಲಿಲ್ಲ.

ಮಕ್ಕಳೇ, ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಯಲ್ಲಿ ನಾವೆಲ್ಲ ದೊಡ್ಡ ದೊಡ್ಡ ಕರ್ಣಗಳ ಅಬ್ಬರ ಕೇಳಿದವರು. ದೊಡ್ಡದಾಗಿ ಕೇಳಿಸುವುದೇ ಬೇರೆ, ಚೊಕ್ಕಟವಾಗಿ ಕೇಳಿಸುವುದೇ ಬೇರೆ. ಇಂದು ನಿಮ್ಮ ಮನೆಗಳಲ್ಲಿ ಮೊಬೈಲು ಇದೆ. ನಿಮ್ಮ ಅಜ್ಜಿಗೆ ಬೀಸುವ ಪದ, ಸೋಬಾನೆ ಪದ ಬರುತ್ತಿದ್ದರೆ ಈ ರಜೆಯಲ್ಲೇ ಕೂಡ್ರಿಸಿ ಹಾಡಿಸಿರಿ. ಟಿವಿ ಆರಿಸಿ, ಫ್ಯಾನು ನಿಲ್ಲಿಸಿ, ಮೊಬೈಲನ್ನು ಹತ್ತಿರವಿಟ್ಟು ಮುದ್ರಿಸಿಕೊಳ್ಳಿರಿ. ಅವರು ನಡುವೆ ನಿಂತರೆ 'ಮುಂದಿಂದು ಹೇಳು' ಎಂದು ಅವಸರಿಸಬೇಡಿರಿ.